ಗುಬ್ಬಿ ಕೂಗದ ಪೆಟ್ಟಿಗೆ

ದನಿ ಹೊರಡಿಸುವ ಕಪ್ಪು ಕಾಗದದ ತಟ್ಟೆಯ ಮೇಲೆ ಒಂದು ಚಿಟಿಕೆ ರವೆ ಉದುರಿಸಿ ತಂತಿ ಹಚ್ಚಿದರೆ ರವೆ ಕುಣಿಯುತ್ತಿತ್ತು. ಡೊಳ್ಳಿನ ಬಡಿತಕ್ಕೆ ಒಮ್ಮೆಲೇ ಎದ್ದು ಬೀಳುತ್ತಿತ್ತು. ಗಂಡಸಿನ ದನಿಗೆ ನಡುಗುತ್ತ ಅಂಚಿಗೆ ಸರಿಯುತ್ತಿತ್ತು. ಕೊಳಲು ಬಂದಾಗ ಮಾತ್ರ ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಸುಮ್ಮನೆ ಕೂತಿರುತ್ತಿತ್ತು. ದಪ್ಪ ದನಿ ಕಣ್ಣಿಗೂ ಕಾಣುತ್ತದೆ, ಸಣ್ಣ ದನಿಗೆ ಕಿವಿಯೇ ಬೇಕು. ಬಂದೇನವಾಜ ಚಾಚಾನ ಕಾರ್ಖಾನೆಯಲ್ಲಿ ಆ ಕಿವಿ ನಾನಾಗಿದ್ದೆ.

ಕಾರ್ಖಾನೆ ಅಂದರೆ ಚಹಾದಂಗಡಿಯ ಮೇಲಿನ ಎರಡು ಕೋಣೆ. ಚಾಚಾ ಮೊದಲು ಬಾಗಿಲು ಚೌಕಟ್ಟು ಮಾಡುತ್ತಿದ್ದ ಬಡಿಗ. ಆಮೇಲೆ ತಳ್ಳುಗಾಡಿಯವರು ಕೂಗಿ ಕೂಗಿ ಗಂಟಲು ಹರಿದುಕೊಳ್ಳುವುದನ್ನು ನೋಡಿ, ಒಮ್ಮೆ ಕೂಗಿ ತುಂಬಿಸಿಟ್ಟರೆ ದಿನವಿಡೀ ತಾನೇ ಕೂಗುವ ಸಣ್ಣ ಪೆಟ್ಟಿಗೆಗಳನ್ನು ಮಾಡತೊಡಗಿದ. ಕೈಯಲ್ಲಿ ಹಿಡಿದರೆ ಬುತ್ತಿಯ ಡಬ್ಬಿಯಷ್ಟು. ಊರಲ್ಲಿ ಅದಕ್ಕೆ ಬುತ್ತಿ ಎಂದೇ ಹೆಸರಾಯಿತು. ಒಳಗೆ ಎರಡು ತಟ್ಟೆಗಳಿರುತ್ತಿದ್ದವು. ದಪ್ಪ ದನಿಯ ದೊಡ್ಡದಕ್ಕೆ ನಾವು ಎಮ್ಮೆ ಅನ್ನುತ್ತಿದ್ದೆವು, ಸಣ್ಣ ದನಿಯ ಸಣ್ಣದಕ್ಕೆ ಗುಬ್ಬಿ. ತಂತಿ ಬೆಸೆಯುವ ಕೆಲಸ ನೀಲಾಳದು. ಅವಳ ಬಾಯಿ ಬೆಸುಗೆಯ ಕಡ್ಡಿಗಿಂತ ಬಿಸಿ.

ನಾನು ಶಾಲೆ ಬಿಟ್ಟದ್ದು ಏಳನೆಯ ಇಯತ್ತೆಯಲ್ಲಿ. ಶಾಲೆಯ ಗಂಟೆ ಒಳಗೆ ಸೀಳಿದೆ ಎಂದು ನಾನಂದೆ, ಇಲ್ಲ ಎಂದು ಮಾಸ್ತರರು ಅಂದರು. ನಾನು ಮತ್ತೆ ಸೀಳಿದೆ ಅಂದೆ. ಅವರು ಬೆತ್ತ ತೆಗೆದರು. ಅದನ್ನು ಕಸಿದು ಮುರಿದು ಹೊರಗೆ ಬಂದವನು ತಿರುಗಿ ಹೋಗಲಿಲ್ಲ. ಎಂಟು ದಿನಕ್ಕೆ ಗಂಟೆ ಎರಡು ಹೋಳಾಯಿತಂತೆ. ಯಾರೂ ಬಂದು ನನ್ನನ್ನು ಕರೆಯಲಿಲ್ಲ. ಆಮೇಲೆ ಮದುವೆ ಪೆಂಡಾಲಿನ ಧ್ವನಿವರ್ಧಕದ ಕಹಳೆಗಳ ಬುಡದಲ್ಲೇ ಉಂಡು, ಅಲ್ಲೇ ಮಲಗಿ ಮೂರು ವರ್ಷ ಕಳೆದೆ. ಅಪ್ಪ ಅವ್ವ ಇಲ್ಲದವನಿಗೆ ಎಲ್ಲಿ ಮಲಗಿದರೂ ಕೇಳುವವರಾರು? ನನಗೆ ಓದಿಲ್ಲ, ಹೊಲವಿಲ್ಲ, ಮಂದಿಯಿಲ್ಲ, ಇದ್ದದ್ದು ಕಿವಿ. ಅದನ್ನು ಯಾರಾದರೂ ಅನುಮಾನಿಸಿದರೆ ನನ್ನ ಮೈಗೆ ಬೆಂಕಿ ಬೀಳುತ್ತಿತ್ತು.

ಪೆಟ್ಟಿಗೆ ಪರೀಕ್ಷಿಸುವುದಕ್ಕೆ ನನ್ನದೊಂದು ಪದ್ಧತಿಯಿತ್ತು. ನಾನು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದೆ. ಬೆನ್ನ ಹಿಂದೆ ಪೆಟ್ಟಿಗೆ ಹಾಡುತ್ತಿತ್ತು. ಆ ಹೊತ್ತಿನಲ್ಲಿ ಯಾರೂ ಮಾತಾಡಬಾರದು, ಕೆಮ್ಮಲೂ ಬಾರದು. ನಾನು ಬೆರಳೆತ್ತಿದರೆ ಅದು ಪಾಸು. ನೀಲಾ ಅದರ ಬೆನ್ನಿಗೆ ಸುಣ್ಣದ ಬೊಟ್ಟಿಡುತ್ತಿದ್ದಳು. ಎತ್ತದಿದ್ದರೆ ಮತ್ತೆ ಬಿಚ್ಚಬೇಕು. ಮೊದಲು ಸಿದ್ಲಿಂಗ ಎಂಬವನೂ ಬೆಸುಗೆಗೆ ಇದ್ದ. ಒಂದು ದಿನ ಅವನು, “ಅಣ್ಣಾ, ಇದು ಒಂಚೂರು ಕಿರಚತೈತಿ ಅನಸತೈತಿ,” ಎಂದ. ನಾನು ಆ ಪೆಟ್ಟಿಗೆಯನ್ನೆತ್ತಿ ಅವನ ಕಾಲ ಬಳಿಗೇ ಅಪ್ಪಳಿಸಿದೆ. ಅವನು ಮರುದಿನ ಬರಲಿಲ್ಲ. ಅಲ್ಲಿಂದ ನನ್ನ ಬೆನ್ನ ಹಿಂದೆ ಯಾರೂ ತುಟಿ ಬಿಚ್ಚಲಿಲ್ಲ. ನಾನು ಅದನ್ನು ಮರ್ಯಾದೆ ಎಂದು ತಿಳಿದೆ.

ಆ ಸಲ ಚಾಚಾ ಹೊಸ ಮಾದರಿಯ ಬುತ್ತಿ ಮಾಡಿದ್ದ. ಮಾವಿನ ಹಲಗೆ, ಮುಂದೆ ಖಾದಿ ಬಟ್ಟೆಯ ಪರದೆ, ಬೆನ್ನಿಗೆ ಹೆಬ್ಬೆರಳು ಹೋಗುವಷ್ಟು ಉಸಿರುಗಂಡಿ. ಅವನು ಅದನ್ನು ಕೂಸನ್ನು ಕೊಡುವಂತೆ ನನ್ನ ಕೈಗೆ ಕೊಟ್ಟ.

“ನೋಡು ಬೇಟಾ. ತಪ್ಪಿದ್ದರ ಹೇಳು, ಮೋರೆ ನೋಡಬ್ಯಾಡ.”

ನಾನು ಅಂಚಿನ ಮೇಲೆ ಬೆರಳಾಡಿಸಿದೆ. ನಡೆಯುವಾಗ ತೊಡೆಗೆ ತರಚದಂತೆ ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿದ್ದ. ಬೆರಳ ಗೆಣ್ಣಿನಿಂದ ಬಡಿದೆ. ಹಲಗೆ ಎಲ್ಲಿಯೂ ಬೊಳಬೊಳ ಅನ್ನಲಿಲ್ಲ. ಹಿಡಿಕೆಯಿಂದ ಎತ್ತಿದರೆ ಮಾತ್ರ ಹಿಂದಕ್ಕೆ ವಾಲಿತು.

“ಬ್ಯಾಟರಿ ಹಿಂದೈತಿ, ಹಿಡಿಕಿ ನಟ್ಟನಡುವ ಹಚ್ಚೀರಿ. ಎಳ್ಡು ಬೆರಳು ಹಿಂದಕ್ಕ ಸರಸ್ರಿ. ಇಲ್ಲಾಂದ್ರ ಮುಕಳಿ ಭಾರಾಗಿ ಕುಂದ್ರತೈತಿ.”

“ನನ್ನಂಗ,” ಎಂದು ಚಾಚಾ ನಕ್ಕ. ನೀಲಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆ ಕೋಣೆಯಲ್ಲಿ ಮೂವರೂ ಸೇರಿ ನಕ್ಕದ್ದು ಅದೇ ಕೊನೆಯೇನೋ.

ರವೆ ಉದುರಿಸಿ ಎಮ್ಮೆಯನ್ನು ನೋಡಿದೆ. ಕುಣಿತ ಸರಿಯಾಗಿತ್ತು. ಗೋಡೆಗೆ ಮುಖ ಮಾಡಿ ನಿಂತೆ. ಹಾಡು ಬಂತು, ಕಂಬಳಿಯೊಳಗಿಂದ ಬಂದಂತೆ ಬಂತು.

“ಎಮ್ಮಿ ಛಲೋ ಐತಿ. ಗುಬ್ಬಿ ಸತ್ತೈತಿ.”

“ಸತ್ತೈತಿ?” ಎಂದ ಚಾಚಾ.

“ಬಟ್ಟಿ ತೆಗೀರಿ. ತಗಡಿನ ಜಾಳಗಿ ಹಾಕ್ರಿ,” ಎಂದೆ.

ಹಾಕಿದರು. ಮತ್ತೆ ಮಂದ. ಒಳಗಿನ ಅರಳೆ ತೆಗೆಸಿದೆ. ಆಗಲೂ ಮಂದ. ಗುಬ್ಬಿಗೆ ಹೋಗುವ ಕಸುವನ್ನು ದುಪ್ಪಟ್ಟು ಮಾಡು ಎಂದು ನೀಲಾಳಿಗೆ ಹೇಳಿದೆ. “ದುಪ್ಪಟ್ಟಾ?” ಎಂದಳು. ತಿರುಗಿ ನೋಡಿದೆ. ತಲೆ ತಗ್ಗಿಸಿ ಬೆಸೆದಳು. ಈಗ ದೂರದಲ್ಲೆಲ್ಲೋ ಗುಬ್ಬಿ ತೆಳ್ಳಗೆ ಕೂಗಿದಂತಾಯಿತು. ಬೆರಳೆತ್ತಿದೆ. ಸುಣ್ಣದ ಬೊಟ್ಟಿಡಲು ಬಾಗಿದ ನೀಲಾಳ ಕಣ್ಣಲ್ಲಿ ನೀರಾಡುತ್ತಿತ್ತು. ಬೆಸುಗೆಯ ಹೊಗೆ ಎಂದುಕೊಂಡೆ. ಅದೇ ಲೆಕ್ಕದಲ್ಲಿ ನಲವತ್ತು ಬುತ್ತಿಗಳು ಊರಿಗಿಳಿದವು.

ತಿಂಗಳೊಪ್ಪತ್ತು ಕಳೆದ ಮೇಲೆ, ನನ್ನ ಪೆಟ್ಟಿಗೆಗಳು ಹೇಗೆ ಕೂಗುತ್ತಿವೆ ನೋಡಿ ಬರೋಣವೆಂದು ಸಂತೆಪೇಟೆಗೆ ಹೋದೆ. ಪೇರಲ ಮಾರುವ ಹೊನ್ನೂರಪ್ಪನ ಗಾಡಿಯ ಗೂಟಕ್ಕೆ ಬುತ್ತಿ ತೂಗುತ್ತಿತ್ತು. ಅದಕ್ಕೊಂದು ಹರಕು ಬನಿಯನ್ ಎರಡು ಸುತ್ತು ಬಿಗಿದು ಕಟ್ಟಿದ್ದ.

“ಇದೇನಲೇ ಹೊನ್ನೂರ, ಪೆಟ್ಟಿಗೀಗೆ ಬನಿಯನ್ ತೊಡಿಸೀದಿ? ಥಂಡಿ ಹತ್ತೇತೇನು ಅದಕ್ಕ?”

“ಹೂನಪಾ, ನೆಗಡಿ ಆಗೇತಿ,” ಎಂದು ನಕ್ಕ. ನನ್ನ ಕೈ ಗಂಟಿಗೆ ಹೋಗುತ್ತಲೇ ನಗು ನಿಂತಿತು. “ಬಿಚ್ಚಬ್ಯಾಡೋ ಮಾರಾಯಾ, ಕೈ ಮುಗೀತೀನಿ. ಗಿರಾಕಿ ನಿಂತಾರ.”

ಹರಿದು ಬಿಸಾಕಿದೆ. ಪೆಟ್ಟಿಗೆ ಹೊನ್ನೂರಪ್ಪನ ದನಿಯಲ್ಲಿ “ಪೇರಲಾ, ಸಕ್ಕರಿ ಪೇರಲಾ” ಎಂದು ಕೂಗಿತು. ನನಗೆ ಹಿತವಾಗಿಯೇ ಕೇಳಿಸಿತು. ಹಣ್ಣು ಆರಿಸುತ್ತಿದ್ದ ಹೆಂಗಸು ಮಾತ್ರ “ಯವ್ವಾ!” ಎಂದು ಕಿವಿಗೆ ಕೈಯಿಟ್ಟು, ಆರಿಸಿದ ಹಣ್ಣುಗಳನ್ನು ಅಲ್ಲೇ ಬಿಟ್ಟು ಸರಸರ ನಡೆದಳು.

“ಏನಾತಂತ ಆಕಿಗೆ?”

ಹೊನ್ನೂರಪ್ಪ ನನ್ನನ್ನು ಬಹಳ ಹೊತ್ತು ನೋಡಿದ. “ನಿನಗ ಏನೂ ಅನಸವಲ್ದಾ?” ಎಂದ, ಮೆಲ್ಲಗೆ.

ನಾನು ಬಾಯಿಗೆ ಬಂದದ್ದು ಬೈದು ಮುಂದಕ್ಕೆ ಹೋದೆ. ಬಳೆಗಾರನ ಬುತ್ತಿಯ ಜಾಳಿಗೆಗೆ ರೊಟ್ಟಿಯ ಹಿಟ್ಟು ಮೆತ್ತಿತ್ತು. ಕೊಡ ಮಾರುವವನು ತನ್ನದನ್ನು ಹುಲ್ಲಿನೊಳಗೆ ಬೋರಲು ಹಾಕಿದ್ದ. ಒಬ್ಬ ಗುಬ್ಬಿಯ ಮೇಲೆ ಕೆಸರು ಒತ್ತಿದ್ದ. ನೋಡಿದ ಒಂದೂ ಪೆಟ್ಟಿಗೆ ಬಾಯಿಬಿಟ್ಟುಕೊಂಡಿರಲಿಲ್ಲ. ನನ್ನ ಬಾಯಿಗೇ ಊರು ಕೂಡಿ ಹಿಟ್ಟು ಮೆತ್ತಿದ ಹಾಗೆ ಕಂಡಿತು. ಯಾರೋ ಇವರಿಗೆ ಚಾಡಿ ಹೇಳಿಕೊಟ್ಟಿದ್ದಾರೆ, ಅವನ ಹೆಸರು ಗೊತ್ತಾದರೆ ಸೀಳಿ ಹಾಕುತ್ತೇನೆ ಎಂದುಕೊಂಡು ಕಾರ್ಖಾನೆಯ ಮೆಟ್ಟಿಲೇರಿದೆ.

“ಯಾರದು ಈ ಕೆಲಸ? ಹೇಳ್ರಿ! ಊರ ಮಂದೀನೆಲ್ಲಾ ನನ್ನ ಮ್ಯಾಲೆ ಎತ್ತಿ ಕಟ್ಟಿದವರು ಯಾರು?”

ಚಾಚಾ ಉಳಿಯನ್ನು ಕೆಳಗಿಟ್ಟ. ನೀಲಾ ಎದ್ದಳು. ಮೇಜಿನ ಮೇಲಿದ್ದ ಬುತ್ತಿಯನ್ನು ಬಿಚ್ಚಿ, ಎಮ್ಮೆಯ ತಂತಿ ಕಿತ್ತು, ಗುಬ್ಬಿಯೊಂದನ್ನೇ ಉಳಿಸಿದಳು. ಕೊಳಲು ತುಂಬಿಸಿದ್ದನ್ನು ಹಚ್ಚಿದಳು.

“ಇಲ್ಲಿ ನಿಂತು ಕೇಳು. ಗ್ವಾಡಿ ಕಡೆ ಬ್ಯಾಡ. ನಮ್ಮ ಕಡೆ ಮಾರಿ ಮಾಡಿ ಕೇಳು.”

ಕೇಳಿದೆ. ಕೆಳಗೆ ಚಹಾ ಗಿರಾಕಿಗಳ ಮಾತಿತ್ತು, ಬೀದಿಯಲ್ಲಿ ಗಾಡಿಯ ಗಡಗಡ. ಪೆಟ್ಟಿಗೆಯಿಂದ ಏನೂ ಬರುತ್ತಿರಲಿಲ್ಲ.

“ತಂತಿ ಹಚ್ಚಿಲ್ಲ ನೀನು.”

“ಹಚ್ಚೀನಿ.”

ಒಂದು ಚಿಟಿಕೆ ರವೆ ತೆಗೆದು ಗುಬ್ಬಿಯ ಮೇಲೆ ಉದುರಿಸಿದೆ. ರವೆ ಅಲುಗಲಿಲ್ಲ. “ನೋಡು!” ಎಂದು ಕಿರುಚಿದೆ. ಹಾಗೆ ಕಿರುಚುತ್ತಿರುವಾಗಲೇ ನನಗೆ ಗೊತ್ತಿತ್ತು, ಕೊಳಲಿಗೆ ರವೆ ಎಂದೂ ಅಲುಗಿದ್ದಿಲ್ಲ. ತಲೆಯೆತ್ತಿ ನೋಡಿದರೆ ಚಾಚಾ ಎರಡೂ ಅಂಗೈಗಳಿಂದ ಕಿವಿ ಒತ್ತಿ ಹಿಡಿದು ಕೂತಿದ್ದ. ನೀಲಾ ಹಲ್ಲು ಕಚ್ಚಿ ಹಿಡಿದಿದ್ದಳು, ಕಣ್ಣಲ್ಲಿ ನೀರಿತ್ತು. ಅವಳ ಕೈಯಲ್ಲಿ ಬೆಸುಗೆಯ ಕಡ್ಡಿ ಇರಲಿಲ್ಲ, ಹೊಗೆಯೂ ಇರಲಿಲ್ಲ.

ಅಷ್ಟರಲ್ಲಿ ಕೆಳಗಿನಿಂದ ಚಹಾದಂಗಡಿಯವನು ಕೂಗಿದ: “ಯಾರಪಾ ಅದು ಮ್ಯಾಲೆ! ಬಂದ್ ಮಾಡ್ರಿ, ಕಿವಿ ಹರದು ಹೋಗಾಕತ್ತಾವು!”

ಅವನ ಮಾತಿನ ಒಂದೊಂದು ಅಕ್ಷರವೂ ನನಗೆ ಕೇಳಿಸಿತು.

ನೀಲಾ ತಂತಿ ಕಿತ್ತಳು. ಚಾಚಾ ಕಿವಿಯಿಂದ ಕೈ ತೆಗೆದ. ಅದರಿಂದಲೇ ನನಗೆ ಹಾಡು ನಿಂತದ್ದು ತಿಳಿಯಿತು.

“ಎಷ್ಟು ದಿನದಿಂದ?”

“ಸುಗ್ಗಿಗಿಂತ ಮೊದಲಿಂದ,” ಎಂದ ಚಾಚಾ.

“ಮತ್ತ ಯಾಕ ಹೇಳಲಿಲ್ಲ?”

“ಹೇಳಬೇಕಂತ ನಾಕು ಸಲ ಬಾಯಿ ತೆಗದೆ ಬೇಟಾ. ನಿನ್ನ ಬೆನ್ನು ನೋಡಿ ಸುಮ್ಮನಾದೆ.”

ನೀಲಾ ಸುಮ್ಮನಾಗುವವಳಲ್ಲ. “ಸಿದ್ಲಿಂಗ ಹೇಳಿದ್ದನಲ್ಲ? ಅವನ ಹೆಬ್ಬೆರಳಿನ ಉಗುರು ಹೋಗಿ ಮೂರು ವಾರ ಕುಂಟಿದ. ನೀ ಒಂದ ಸಲ ಆದರೂ ತಿರುಗಿ ನಿಂತು, ‘ನಿಮಗ ಹೆಂಗ ಕೇಳತೈತಿ’ ಅಂತ ಕೇಳಿದ್ದರ ಹೇಳತಿದ್ದೆ. ಗ್ವಾಡಿಗೆ ಹೇಳಲೇನು?”

ಉಗುರಿನ ಸಂಗತಿ ನನಗೆ ಗೊತ್ತಿರಲಿಲ್ಲ. ಮೆಟ್ಟಿಲಿಳಿದು ಹೊರಟೆ. ಅವಳ ಮೇಲೆ, ಚಾಚಾನ ಮೇಲೆ, ಪೆಂಡಾಲಿನ ಕಹಳೆಗಳ ಮೇಲೆ ಸಿಟ್ಟು ಉಕ್ಕುತ್ತಿತ್ತು. ಆ ಸಿಟ್ಟನ್ನು ಯಾರ ಕಾಲಿನ ಬಳಿ ಎತ್ತಿ ಹಾಕಬೇಕೋ ತಿಳಿಯಲಿಲ್ಲ.

ನಾಲ್ಕು ದಿನ ನನ್ನ ಬಾಡಿಗೆ ಕೋಣೆ ಬಿಟ್ಟು ಹೊರಬೀಳಲಿಲ್ಲ. ಕಳೆದದ್ದನ್ನು ಒಂದೊಂದಾಗಿ ಹುಡುಕಿದೆ. ಬೆಂಕಿಕಡ್ಡಿ ಗೀರಿದೆ, ಹತ್ತಿತು, ಸದ್ದಿಲ್ಲ. ಸೊಳ್ಳೆ ಕಚ್ಚಿದ ಮೇಲಷ್ಟೇ ಬಂದದ್ದು ಗೊತ್ತಾಯಿತು. ಪಕ್ಕದ ಮನೆಗೆ ಸೊಸೆ ಬಂದು ಆರು ತಿಂಗಳಾಗಿತ್ತು. ಕಿಟಕಿಯಿಂದ ನೋಡಿದರೆ ಅವಳ ಕಾಲಲ್ಲಿ ಗೆಜ್ಜೆಯಿತ್ತು. ಅವಳಿಗೆ ಗೆಜ್ಜೆಯಿದೆ ಎಂಬುದೇ ನನಗೆ ಸುದ್ದಿ. ಯಾರೂ ಮಾತಾಡಿಸದ ಕೋಣೆಯಲ್ಲಿ ಇಷ್ಟು ವರ್ಷ ಈ ಸಣ್ಣ ಸದ್ದುಗಳೆಲ್ಲ ನನ್ನ ಸುತ್ತ ಇದ್ದವೆಂದು, ಹೋದ ಮೇಲೆ ತಿಳಿಯಿತು. ಯಾವ ದಿನ ಯಾವುದು ಹೋಯಿತೋ ನೆನಪಿಲ್ಲ. ನಾನು ಆಗ ಯಾರೊಡನೆಯೋ ಜಗಳಾಡುತ್ತಿದ್ದಿರಬೇಕು.

ಐದನೆಯ ದಿನ ಬೆಳಿಗ್ಗೆ ಕಾರ್ಖಾನೆಗೆ ಹೋದೆ. ಚಾಚಾ ಹಲಗೆ ಕೊಯ್ಯುತ್ತಿದ್ದ.

“ಹಲಗಿ, ಹಿಡಿಕಿ, ಎಮ್ಮಿ ನಾ ನೋಡತೀನಿ,” ಎಂದೆ. “ಗುಬ್ಬಿ ನೀವಿಬ್ಬರೂ ಕೇಳ್ರಿ. ನಾನು ಮಾತಾಡೂದಿಲ್ಲ. ಸಿದ್ಲಿಂಗನ ಮನಿ ಎಲ್ಲಿ ಬರತೈತಿ?”

“ಅವನ ಮನೀಗೆ ಹೋಗಿ ಉಳಿದ ಉಗುರೂ ತೆಗೀಬೇಕೇನು?” ಎಂದಳು ನೀಲಾ. ಆಮೇಲೆ ಓಣಿಯ ಹೆಸರು ಹೇಳಿದಳು.

ಹೋದೆ. ಸಿದ್ಲಿಂಗ ಒಳಗಿದ್ದೂ ಹೊರಗೆ ಬರಲಿಲ್ಲ. ಅವನ ಅಕ್ಕ ಬಾಗಿಲಲ್ಲಿ ನಿಂತು, “ಅವನ್ನ ಮತ್ತ ಕರೀಬ್ಯಾಡ್ರಿ,” ಎಂದಷ್ಟೇ ಹೇಳಿದಳು. ಅದು ನ್ಯಾಯವೇ.

ಅಲ್ಲಿಂದ ಒಂದು ಚೀಲದಲ್ಲಿ ಅರಳೆ, ಖಾದಿ ಬಟ್ಟೆ, ಕತ್ತರಿ ಹಾಕಿಕೊಂಡು ಗಾಡಿಯಿಂದ ಗಾಡಿಗೆ ನಡೆದೆ. ನನ್ನನ್ನು ಕಂಡು ಮೊದಮೊದಲು ಗಾಡಿ ತಿರುಗಿಸಿಕೊಂಡು ಹೋದರು. ಹೊನ್ನೂರಪ್ಪ ಹೋಗಲಿಲ್ಲ. ನಾನು ಜಾಳಿಗೆ ಬಿಚ್ಚಿ, ಅರಳೆ ತುಂಬಿ, ಬಟ್ಟೆ ಬಿಗಿದು, “ಹೆಂಗ ಕೇಳತೈತಿ?” ಎಂದು ಕೇಳಿದೆ.

“ಇನ್ನೊಂದಿಷ್ಟು ತುರಕು... ಇನ್ನೂ... ಹಾಂ, ಈಗ ಮನಷ್ಯಾನ ದನಿ ಆತು ನೋಡು!”

ಮೂವತ್ತೊಂಬತ್ತು ಪೆಟ್ಟಿಗೆಗಳನ್ನು ಹಾಗೆ ಸರಿಪಡಿಸಲು ಎಂಟು ದಿನ ಹಿಡಿಯಿತು. ನಲವತ್ತನೆಯದು ಊರಾಚೆಯ ಓಣಿಯಲ್ಲಿ ಪೊರಕೆ ಮಾರುವ ತುಂಗವ್ವನ ಹತ್ತಿರವಿತ್ತು. ಮಧ್ಯಾಹ್ನದ ಬಿಸಿಲು. ಓಣಿಯಲ್ಲಿ ನಾವಿಬ್ಬರೇ. ಬಟ್ಟೆ ಬಿಗಿದು ಹಚ್ಚಿದೆ. ತುಂಗವ್ವ ಕಿವಿಗೊಟ್ಟು ಕೇಳಿ, ಸಂಕೋಚದಿಂದ ನಕ್ಕಳು.

“ನನಗ ವಯಸ್ಸಾತಪಾ, ಅಷ್ಟು ತಿಳಿಯೂದಿಲ್ಲ. ನೀನ ಹೇಳು, ಹೆಂಗೈತಿ?”

ಆ ಕ್ಷಣಕ್ಕೆ ಊರಿನ ಅತ್ಯಂತ ಒಂಟಿ ಜೀವ ನಾನೇ ಅನ್ನಿಸಿತು. ಅಷ್ಟರಲ್ಲಿ ಒಂದು ಮನೆಯ ಬಾಗಿಲು ತೆರೆದು ಹೆಂಗಸೊಬ್ಬಳು ಪೊರಕೆಗೆಂದು ಬಂದಳು. ಅವಳ ಹೆಗಲ ಮೇಲೆ ಕೂಸೊಂದು ಮಲಗಿತ್ತು. ಅದರ ಕಿವಿ ಪೆಟ್ಟಿಗೆಗೆ ಮೊಳದಷ್ಟು ಹತ್ತಿರ. ಪೆಟ್ಟಿಗೆ ಕೂಗುತ್ತಲೇ ಇತ್ತು. ಹೆಂಗಸು ಒಂದೊಂದೇ ಪೊರಕೆ ಎತ್ತಿ ಕುಟ್ಟಿ ನೋಡುತ್ತಿದ್ದಳು. ನಾನು ಕೂಸಿನ ರೆಪ್ಪೆಗಳನ್ನೇ ನೋಡುತ್ತ ನಿಂತೆ. ಅವು ಒಮ್ಮೆ ನಡುಗಿದವು. ಆಮೇಲೆ ಕೂಸು ನಿದ್ದೆಯಲ್ಲೇ ಹಾಲು ಚೀಪಿದಂತೆ ತುಟಿಯಾಡಿಸಿ, ಕೆನ್ನೆಯನ್ನು ಈಚೆ ಮಗ್ಗುಲಿಗೆ ತಿರುಗಿಸಿ, ಮತ್ತೆ ಮಲಗಿತು.