ಜೋಡಿದಾರರ ತಲೆ

ಕಾಡಸಂದ್ರದಲ್ಲಿ ಹಿಂದೆಯೂ ಗಂಭೀರ ಪ್ರಶ್ನೆಗಳು ಎದ್ದಿದ್ದವು. ಕೆರೆ ಏರಿ ಒಡೆದದ್ದುಂಟು, ಪ್ಲೇಗು ಬಂದು ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡದ್ದುಂಟು, ವಿಮಾನ ನಿಲ್ದಾಣದ ಪುಣ್ಯದಿಂದ ರಾಗಿ ಹೊಲಗಳು ನೋಡನೋಡುತ್ತಲೇ ಸೈಟುಗಳಾದದ್ದುಂಟು. ಆದರೆ ಇವು ಯಾವುವೂ ಊರನ್ನು ಈಗಿನಷ್ಟು ಯೋಚನೆಗೆ ಹಚ್ಚಿರಲಿಲ್ಲ. ದಿವಂಗತ ಜೋಡಿದಾರ್ ದೊಡ್ಡವೀರೇಗೌಡರ ಪ್ರತಿಮೆಯ ತಲೆಯ ಮೇಲೆ ಇರಬೇಕಾದದ್ದು ಜರಿಪೇಟವೋ ಗಾಂಧಿ ಟೋಪಿಯೋ ಎಂಬುದು ಆ ಪ್ರಶ್ನೆ.

"ತಡ ಮಾಡ್ಬೇಡಿ ಸಾರ್," ಎಂದು ಪ್ರತಿಮೆ ಮಾಡುತ್ತಿದ್ದ ರಾಮಾಂಜಿನಪ್ಪ ಫೋನಿನಲ್ಲಿ ಹೇಳುತ್ತಿದ್ದ. "ಮೀಸೆ ಆಯ್ತು, ಮೂಗಾಯ್ತು, ಹುಬ್ಬಿನ್ ತನಕ ಬಂದು ನಿಂತಿದೀನಿ. ಒದ್ದೆ ಗೋಣಿ ಸುತ್ತಿ ಸುತ್ತಿ ಇಡ್ತಾ ಇದೀನಿ. ಮಣ್ಣು ಒಣಗಿ ಬಿರುಕು ಬಿಟ್ರೆ ನನ್ನ ಕೇಳ್ಬಾರ್ದು."

"ಇವತ್ತು ಹೇಳ್ಬಿಡ್ತೀನಿ ಕಣಪ್ಪ," ಎಂದು ವೇಣುಗೋಪಾಲ ಫೋನಿಟ್ಟ. ಹೋದ ವಾರವೂ ಅವನು ಇದನ್ನೇ ಹೇಳಿದ್ದ.

ದೊಡ್ಡಮನೆಯ ಪಡಸಾಲೆಯಲ್ಲಿ ಆ ಬೆಳಿಗ್ಗೆ ಸಭೆ ಸೇರಿತ್ತು. ಸಭೆಯೆಂದರೆ ಮೂವರು: ಜೋಡಿದಾರರ ಮೊಮ್ಮಗ ವೇಣುಗೋಪಾಲ, ಪಕ್ಷದ ತಾಲ್ಲೂಕು ಕಾರ್ಯದರ್ಶಿ ಮನೋಹರ, ಮತ್ತು ಕಂಬಕ್ಕೊರಗಿ ಅವರೆಕಾಯಿ ಸುಲಿಯುತ್ತಿದ್ದ ಅಕ್ಕಯಮ್ಮ. ಆಕೆ ಜೋಡಿದಾರರ ಕೊನೆಯ ಮಗಳು, ವೇಣುಗೋಪಾಲನ ಸೋದರತ್ತೆ, ತೊಂಬತ್ತರ ಹತ್ತಿರದವಳು. ಮದುವೆಯಾದ ವರ್ಷದಲ್ಲೇ ಗಂಡನ ಮನೆ ಬಿಟ್ಟುಬಂದು, ಅಂದಿನಿಂದ ಈ ಮನೆಯ ಮೂರು ತಲೆಮಾರಿನ ಮೇಲೆ ದರ್ಬಾರು ಮಾಡಿಕೊಂಡಿದ್ದಳು.

"ಅಣ್ಣ, ನೇರವಾಗಿ ಹೇಳ್ಬಿಡ್ತೀನಿ," ಎಂದ ಮನೋಹರ. "ಪೇಟ ಹಾಕ್ಸಿದ್ರೆ ನಮ್ ಪಕ್ಷದ ಸಾಹೇಬ್ರು ಉದ್ಘಾಟನೆಗೆ ಬರಲ್ಲ. ಸಾಹೇಬ್ರು ಬರ್ದೆ ಇದ್ರೆ ನಿಮಗೆ ಟಿಕೆಟ್ ಇಲ್ಲ. ಸ್ವಾತಂತ್ರ್ಯ ಹೋರಾಟಗಾರರು ಅಂತ ಫ್ಲೆಕ್ಸ್ ಹೊಡ್ಸಾಗಿದೆ. ಪೇಟ ಕಟ್ಕಂಡು ಯಾರಣ್ಣ ಹೋರಾಟ ಮಾಡ್ತಾರೆ?"

"ಯಾವಾಗ್ ಮಾಡಿದ್ರು ಹೋರಾಟಾನ?" ಎಂದಳು ಅಕ್ಕಯಮ್ಮ, ಮೊರದಿಂದ ಕಣ್ಣೆತ್ತದೆ.

"ಅಜ್ಜಿ, ಮೈಸೂರು ಚಲೋ ಚಳವಳಿ ಆಯ್ತಲ್ಲ..."

"ಆಗ ಮನೇಲೇ ಇದ್ರಲ್ಲಪ್ಪ. ಕೆಮ್ಮಿತ್ತು."

ದೊಡ್ಡವೀರೇಗೌಡರ ರಾಜಕೀಯ ಜೀವನಕ್ಕೆ ಕೆಮ್ಮು ಬಹಳ ಉಪಕಾರ ಮಾಡಿತ್ತು. ಅವರು ಏಳು ಹಳ್ಳಿಗಳ ಜೋಡಿದಾರರು; ಅಂದರೆ ಹಳ್ಳಿಗಳ ಕಂದಾಯವನ್ನು ತಾವೇ ಎತ್ತಿ, ಸರ್ಕಾರಕ್ಕೆ ಒಂದು ಸಣ್ಣ ಪಾಲು ಕಟ್ಟಿ, ಮಿಕ್ಕದ್ದರಲ್ಲಿ ದೊಡ್ಡಸ್ತಿಕೆ ನಡೆಸುವ ಧಣಿಗಳು. ದಸರೆಯ ಹೊತ್ತಿಗೆ ಪ್ರಜಾಪ್ರತಿನಿಧಿ ಸಭೆಗೆಂದು ಮೈಸೂರಿಗೆ ಹೋಗುತ್ತಿದ್ದರು. ಅಲ್ಲಿ ಎರಡು ಸಲ ಬಾಯಿ ತೆರೆದದ್ದುಂಟು, ಒಮ್ಮೆ ಕೆರೆಯ ಹೂಳಿನ ಬಗ್ಗೆ, ಇನ್ನೊಮ್ಮೆ ದಿವಾನರಿಗೆ ವಂದನೆ ಹೇಳಲು. ಎರಡನೆಯದು ಫಲಿಸಿ ಅರಮನೆಯಿಂದ ಜರಿಪೇಟದ ಮರ್ಯಾದೆಯಾಯಿತು. ಬಿಳಿಯರು ಹೊರಟುಹೋದ ಮೇಲೂ ಮೈಸೂರಿನಲ್ಲಿ ಮಹಾರಾಜರ ಸರ್ಕಾರವೇ ಇತ್ತು. ಜನರ ಸರ್ಕಾರ ಬೇಕೆಂದು ನಲವತ್ತೇಳರ ಸೆಪ್ಟೆಂಬರಿನಲ್ಲಿ ಜನ ಬೀದಿಗಿಳಿದಾಗ ಗೌಡರಿಗೆ ಕೆಮ್ಮು ಬಂತು. ಅಕ್ಟೋಬರಿನಲ್ಲಿ ಅರಮನೆ ಒಪ್ಪಿತೆಂಬ ಸುದ್ದಿ ಬಂದ ಮಧ್ಯಾಹ್ನ ಕೆಮ್ಮು ನಿಂತಿತು. ಸಂಜೆ ಅವರು ಗಾಂಧಿ ಟೋಪಿ ಹಾಕಿಕೊಂಡು ದೊಡ್ಡಬಳ್ಳಾಪುರದ ವಿಜಯದ ಮೆರವಣಿಗೆಯ ಮುಂದಿನ ಸಾಲಿನಲ್ಲಿದ್ದರು.

ಆಮೇಲೆ ಎಲ್ಲವೂ ಸಲೀಸು. ಐವತ್ತೆರಡರಲ್ಲಿ ಶಾಸಕರಾದರು, ಸ್ವಲ್ಪ ಕಾಲ ಉಪಮಂತ್ರಿಯೂ ಆದರು. ಇನಾಂ ರದ್ದತಿಯ ಮಸೂದೆ ಬಂದಾಗ ತಮ್ಮ ಹಳ್ಳಿಗಳನ್ನೇ ಕಳೆಯುವ ಕಾನೂನಿಗೆ ಕೈಯೆತ್ತಿ ಭೇಷ್ ಅನ್ನಿಸಿಕೊಂಡರು. ಕೈಯೆತ್ತುವ ಮೊದಲು ಕೆರೆ ಹಿಂದಿನ ಗದ್ದೆಗಳನ್ನೆಲ್ಲ ಹೆಂಡತಿ, ತಂಗಿ, ಮತ್ತು ಆಗಲೇ ತೀರಿಕೊಂಡಿದ್ದ ಚಿಕ್ಕಪ್ಪನೊಬ್ಬರ ಹೆಸರಿನಲ್ಲಿ ಸ್ವಂತ ಸಾಗುವಳಿಯೆಂದು ಬರೆಸಿದ್ದನ್ನು ಸಭೆಯಲ್ಲಿ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ಗದ್ದೆಗಳೂ ಈಗಿಲ್ಲ. ವೇಣುಗೋಪಾಲನಿಗೆ ಉಳಿದಿರುವುದು ಈ ಮನೆ, ಹಿತ್ತಿಲ ತೆಂಗು, ವಿಮಾ ಕಚೇರಿಯ ಪಿಂಚಣಿ, ಮತ್ತು ತಾತನಿಂದ ಬಂದ ಚುನಾವಣೆಯ ಚಟ. ಗ್ರಾಮ ಪಂಚಾಯಿತಿಗೆ ನಿಂತು ಸೋತಿದ್ದ, ತಾಲ್ಲೂಕು ಪಂಚಾಯಿತಿಗೆ ನಿಂತು ಇನ್ನೂ ದೊಡ್ಡದಾಗಿ ಸೋತಿದ್ದ. ಬರುತ್ತದೆ ಬರುತ್ತದೆ ಎಂದು ವರ್ಷಗಟ್ಟಲೆ ಮುಂದೆ ಹೋಗುತ್ತಿದ್ದ ಜಿಲ್ಲಾ ಪಂಚಾಯಿತಿ ಚುನಾವಣೆ ಈ ಸಲ ಬಂದೇ ಬರುತ್ತದೆಂದು ಸುದ್ದಿ. ವಯಸ್ಸು ಅರವತ್ತು ದಾಟಿತ್ತು. ಇದು ತಪ್ಪಿದರೆ ತಾನು ಬರೀ ದೊಡ್ಡಮನೆಯ ವೇಣುವಾಗಿಯೇ ಸಾಯುತ್ತೇನೆಂಬುದು ಅವನಿಗೆ ಖಚಿತವಾಗಿತ್ತು.

ಹೊರಗೆ ಬುಲೆಟ್ಟಿನ ಸದ್ದಾಯಿತು. ಹೆಲ್ಮೆಟ್ಟು ಹಾಕಿಕೊಂಡೇ ಮುನಿವೆಂಕಟಪ್ಪ ಅಂಗಳ ದಾಟಿ, ಹೆಲ್ಮೆಟ್ಟು ಹಾಕಿಕೊಂಡೇ ಜಗಲಿ ಹತ್ತಿ, ಪಡಸಾಲೆಯ ಬೆತ್ತದ ಕುರ್ಚಿಯಲ್ಲಿ ಕುಳಿತು, ಮುಂದಿನ ಗಾಜನ್ನಷ್ಟೇ ಮೇಲಕ್ಕೆ ಸರಿಸಿದ.

"ಹೆಲ್ಮೆಟ್ ತೆಗೀರಿ ಮುನಿವೆಂಕಟಪ್ನೋರೆ, ಸೆಕೆ ಐತೆ," ಎಂದ ಮನೋಹರ.

"ಇರ್ಲಿ ಬಿಡಪ್ಪ. ಸೇಫ್ಟಿ."

ಮನೋಹರ ನಕ್ಕ. ಉಳಿದವರು ನಗಲಿಲ್ಲ. ದೊಡ್ಡಮನೆಯ ಮುಂದೆ ಹಾಯುವ ಒಕ್ಕಲುಗಳು ತಲೆಯ ವಸ್ತ್ರ ಬಿಚ್ಚಿ ಸೊಂಟಕ್ಕೆ ಸುತ್ತಿಕೊಳ್ಳಬೇಕೆಂಬುದು ಹಿಂದಿನ ಕಟ್ಟಳೆ. ಈಗ ಅದನ್ನು ಯಾರೂ ಪಾಲಿಸುವುದಿಲ್ಲ, ತಲೆಗೆ ವಸ್ತ್ರ ಸುತ್ತುವವರೇ ಇಲ್ಲ. ಮುನಿವೆಂಕಟಪ್ಪ ಮಾತ್ರ ಅದನ್ನು ನೆನಪಿಟ್ಟುಕೊಂಡು ಪ್ರತಿ ಸಲವೂ ಮುರಿಯುತ್ತಿದ್ದ. ಚಳಿಗಾಲದಲ್ಲಿ ಮಂಕಿ ಕ್ಯಾಪು, ಮಿಕ್ಕ ಕಾಲದಲ್ಲಿ ಹೆಲ್ಮೆಟ್ಟು. ಅವನ ತಂದೆ ಪಿಳ್ಳಣ್ಣ ಜೋಡಿದಾರರ ಒಕ್ಕಲು. ಇನಾಂ ಹೋದ ಮೇಲೆ ಪಿಳ್ಳಣ್ಣನಿಗೆ ಬಂದ ಹೊಲ ಈಗ ಬಸ್ ಸ್ಟಾಪಿನ ಪಕ್ಕದ ಲೇಔಟು. ಅದರ ಮೂಲೆಯ ಜಾಗವನ್ನು ಪ್ರತಿಮೆಗೆ ಬಿಟ್ಟುಕೊಡಲು ಮುನಿವೆಂಕಟಪ್ಪ ಒಪ್ಪಿದ್ದ. ಪ್ರತಿಮೆ ಇರುವ ಸರ್ಕಲ್ಲಿನ ಸೈಟಿಗೆ ದರವೇ ಬೇರೆಯೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಷರತ್ತೊಂದಿತ್ತು.

"ನಂದು ಒಂದೇ ಮಾತು ವೇಣಪ್ಪ. ಪೇಟ ಆದ್ರೆ ಜಾಗ. ಟೋಪಿ ಆದ್ರೆ ಇಲ್ಲ."

"ಯಾಕೆ ಅಂತ ಹೇಳ್ರಿ, ಟೋಪಿ ಮೇಲೆ ನಿಮಗೇನು ಸಿಟ್ಟು?"

"ಟೋಪಿ ಮೇಲಲ್ಲ." ಮುನಿವೆಂಕಟಪ್ಪ ಗೋಡೆಯ ಮೇಲಿದ್ದ ಜೋಡಿದಾರರ ಟೋಪಿಯ ಫೋಟೋ ಕಡೆ ನೋಡಿದ. "ಚಳವಳಿ ಟೇಮಲ್ಲಿ ನಮ್ಮಪ್ಪ ದೊಡ್ಡಬಳ್ಳಾಪುರದಲ್ಲಿ ಮೆರವಣಿಗೆ ಮುಗಿಸ್ಕಂಡು ಬಂದ. ತಲೇಲಿ ಟೋಪಿ ಇತ್ತು. ನಮ್ಮಜ್ಜಿ ಸಪ್ಪಲಮ್ಮ ಹೊಲ್ದು ಕೊಟ್ಟಿದ್ದು. ಈ ಬಾಗ್ಲ ಮುಂದೆ ತೆಗೀಲಿಲ್ಲ. ವಸ್ತ್ರ ಆದ್ರೆ ತೆಗೀಬೇಕು, ಟೋಪಿ ತೆಗೀಬೇಕು ಅಂತ ಯಾರೂ ಹೇಳಿಲ್ವಲ್ಲ ಅಂದ್ನಂತೆ. ನಿಮ್ತಾತ ಈ ಜಗುಲಿ ಮ್ಯಾಲೆ ಕೂತಿದ್ರು. ಆಳಿಗೆ ಕಣ್ಸನ್ನೆ ಮಾಡಿದ್ರು. ಅವನು ಕೋಲಲ್ಲಿ ಹೊಡ್ದು ಬೀಳಿಸ್ದ. ನಮ್ಮಪ್ಪ ಬಗ್ಗಿ ಎತ್ಕಣ್ಲಿಲ್ಲ, ಹಂಗೇ ಹೋದ. ಒಂದು ತಿಂಗ್ಳು ಕಳೀಲಿಲ್ಲ, ಇವರೇ ಟೋಪಿ ಹಾಕ್ಕಂಡು ಮೆರವಣಿಗೆ ಮುಂದೆ. ಅವತ್ತಿಂದ ನಮ್ಮಪ್ಪ ಸಾಯೋಗಂಟ ಟೋಪಿ ಮುಟ್ಲಿಲ್ಲ. ನಮ್ ಜಾಗದಲ್ಲಿ ಆ ಟೋಪಿ ನಿಲ್ಲೋದು ಬ್ಯಾಡ."

ಇಷ್ಟು ಹೇಳಿ ಅವನು ಗಾಜನ್ನು ಕೆಳಗೆಳೆದುಕೊಂಡು ಹೊರಟ. ಬುಲೆಟ್ಟಿನ ಸದ್ದು ಕೆರೆ ಏರಿಯ ತನಕ ಕೇಳಿಸಿತು.

"ಆ ಟೋಪಿ ಇಲ್ಲೇ ಐತೆ," ಎಂದಳು ಅಕ್ಕಯಮ್ಮ.

ಇಬ್ಬರೂ ಅವಳ ಕಡೆ ತಿರುಗಿದರು.

"ಬಿದ್ದಿದ್ದ ಟೋಪೀನ ಆಳು ಎತ್ತಿಟ್ಕಂಡು ಲಾಟೀನ್ ಗಾಜು ಒರೆಸ್ತಿದ್ದ. ಆಮೇಲೆ ಅರಮನೆಯೋರು ಒಪ್ಪಿದ್ರು ಅಂತ ಸುದ್ದಿ ಬಂತಲ್ಲ, ಅವತ್ತು ಮೆರವಣಿಗೆಯೋರು ಅಪ್ಪಯ್ಯನ್ನ ಕರ್ಕೊಂಡೋಗಕ್ಕೆ ಗಾಡಿ ಕಳಿಸಿದ್ರು. ದೊಡ್ಡೋರೊಬ್ರು ಬೇಕಿತ್ತು ಅವರಿಗೆ. ಮನೇಲಿ ಪೇಟ ಹನ್ನೊಂದಿತ್ತು, ಟೋಪಿ ಒಂದೂ ಇಲ್ಲ. ಅವ್ವ ಅದನ್ನೇ ಸೀಗೆಕಾಯಿ ಹಾಕಿ ಒಗ್ದು, ಚೊಂಬಿಗೆ ಕೆಂಡ ತುಂಬ್ಕಂಡು ಇಸ್ತ್ರಿ ಮಾಡಿದ್ಲು. ಪಿಳ್ಳಣ್ಣನ ತಲೆ ಸಣ್ಣದು, ಅಪ್ಪಯ್ಯನ ತಲೆ ಕುಂಬಳಕಾಯಿ. ನಿಲ್ಲಲೇ ಇಲ್ಲ. ಎರಡು ಕಡೆ ಹೇರ್‌ಪಿನ್ ಸಿಗಿಸಿ ಕಳಿಸಿದ್ಲು. ನಾನೇ ಪಿನ್ ತಂದ್ಕೊಟ್ಟಿದ್ದು."

ವೇಣುಗೋಪಾಲ ಎದ್ದು ಫೋಟೋದ ಹತ್ತಿರ ಹೋದ. ತಾತನ ಟೋಪಿ ನೆತ್ತಿಯ ಎಡಕ್ಕೆ, ಹಕ್ಕಿ ಬಂದು ಕುಳಿತಂತೆ ಕುಳಿತಿತ್ತು. ಟೋಪಿಯಿದ್ದ ಎಲ್ಲ ಫೋಟೋಗಳಲ್ಲೂ ಹಾಗೆಯೇ. ಪತ್ರಿಕೆಯಲ್ಲಿ ಬಂದ ಮೊದಲ ಚಿತ್ರ ಅಂಥದ್ದಾದ್ದರಿಂದ ಜನ ಅದನ್ನೇ ಗುರುತಿಟ್ಟುಕೊಂಡರು. ಆಮೇಲೆ ದೊಡ್ಡವೀರೇಗೌಡರು ದರ್ಜಿಯಿಂದ ಅದೇ ಅಳತೆಯಲ್ಲಿ ಹೊಸ ಟೋಪಿಗಳನ್ನು ಹೊಲಿಸಿದರು. ಮಧುರೆ, ಸಾಸಲು ಕಡೆಯ ಪುಢಾರಿಗಳು ಕೆಲವು ವರ್ಷ ಅದನ್ನು ಧಣಿ ಟೋಪಿ ಎಂದು ಕರೆದು, ಸರಿಯಾದ ತಲೆಗಳಿಗೆ ಸಣ್ಣ ಟೋಪಿ ಹಾಕಿಕೊಂಡು ತಿರುಗಿದ್ದರು. ವೇಣುಗೋಪಾಲ ಅದನ್ನು ಚಿಕ್ಕಂದಿನಿಂದ ತಾತನ ಗತ್ತು ಎಂದೇ ತಿಳಿದಿದ್ದ.

"ಅಜ್ಜಿ, ಇದನ್ನ ಎಲ್ಲೂ ಬಾಯ್ಬಿಡ್ಬೇಡಿ," ಎಂದ ಮನೋಹರ.

"ಯಾರೂ ಕೇಳಿರ್ಲಿಲ್ಲ ಕಣಪ್ಪ, ಹೇಳಿರ್ಲಿಲ್ಲ."

"ಅಣ್ಣ, ನಾನ್ ಹೇಳೋದ್ ಕೇಳಿ. ಅವರ ಜಾಗಾನೇ ಬೇಡ. ನಿಮ್ ಕಾಂಪೌಂಡಲ್ಲೇ ನಿಲ್ಸೋಣ. ಒಳ್ಳೆ ಅಳತೆದು, ನೀಟಾಗಿರೋ ಟೋಪಿ. ಸಾಹೇಬ್ರು ಬರ್ತಾರೆ, ಹಾರ ಹಾಕ್ತಾರೆ, ಟಿಕೆಟ್ ಗ್ಯಾರಂಟಿ. ಸಿಂಪಲ್."

ಮನೋಹರ ಹೋದ ಮೇಲೆ ಅಕ್ಕಯಮ್ಮ ಒಳಮನೆಯ ತಗಡಿನ ಪೆಟ್ಟಿಗೆಯ ತಳದಿಂದ ಟೋಪಿ ತೆಗೆದುಕೊಟ್ಟಳು. ಹಳದಿಗಟ್ಟಿದ್ದ ಖಾದಿ. ಒಳಗಡೆ ನೀಲಿ ಚೌಕಳಿಯ ಬಟ್ಟೆಯ ಒಳಪದರ. ಅಂಚಿನಲ್ಲಿ ಎರಡು ಕಡೆ ತುಕ್ಕಿನ ಕಲೆ. ವೇಣುಗೋಪಾಲ ಬಾಗಿಲು ಮುಂದೆ ಮಾಡಿ, ಕನ್ನಡಿಯ ಎದುರು ಅದನ್ನು ಹಾಕಿ ನೋಡಿಕೊಂಡ. ಅವನದೂ ಕುಂಬಳಕಾಯಿಯೇ.

ಮರುದಿನ ಅವನೇ ಮುನಿವೆಂಕಟಪ್ಪನಿಗೆ ಫೋನು ಮಾಡಿ ಕರೆಸಿಕೊಂಡ. ಟೋಪಿ ಹಿಂದಿರುಗಿಸಿದರೆ ಆತನ ಮನಸ್ಸು ಕರಗಿ, ಪ್ರತಿಮೆಗೆ ಟೋಪಿಯೂ ಆಗಬಹುದು, ಜಾಗವೂ ಉಳಿಯಬಹುದು ಎಂಬ ಲೆಕ್ಕ ಅವನ ತಲೆಯಲ್ಲಿತ್ತು. ಕೊಡಬೇಕೆಂಬ ಮನಸ್ಸೂ ಇತ್ತು. ಎರಡನ್ನೂ ಬಿಡಿಸಿ ನೋಡುವ ಅಭ್ಯಾಸ ಆ ಮನೆತನದಲ್ಲಿ ಇರಲಿಲ್ಲ.

"ಇದು ನಿಮ್ ತಂದೇದು," ಎಂದು ತಟ್ಟೆಯಲ್ಲಿಟ್ಟ ಟೋಪಿಯನ್ನು ಮುಂದೆ ಮಾಡಿದ. ನಡೆದದ್ದನ್ನು, ಲಾಟೀನು ಗಾಜಿನ ಸಮೇತ, ಹೇಳಿದ. ಹೇರ್‌ಪಿನ್ನಿನ ವಿಷಯವನ್ನು ಅವನು ಬಿಟ್ಟದ್ದರಿಂದ ಅಕ್ಕಯಮ್ಮ ಕಂಬದ ಹತ್ತಿರದಿಂದ ಸೇರಿಸಿದಳು.

ಮುನಿವೆಂಕಟಪ್ಪ ಟೋಪಿಯನ್ನು ಮಗುಚಿ ಒಳಗಿನ ಚೌಕಳಿಯ ಮೇಲೆ ಹೆಬ್ಬೆರಳಾಡಿಸಿದ.

"ನಮ್ಮಜ್ಜಿ ಸೀರೆ. ಇದೇ ಸೀರೆ ಹಾಕಿ ಹೊಲ್ದಿರೋ ಕೌದಿ ಮನೇಲೈತೆ."

"ಹಾಕ್ಕಂಡ್ ನೋಡ್ಲಾ ಪಿಳ್ಳಣ್ಣನ ಮಗ," ಎಂದಳು ಅಕ್ಕಯಮ್ಮ.

ಅವನು ಹೆಲ್ಮೆಟ್ಟಿಗೆ ಕೈಹಾಕಿದ. ಪಟ್ಟಿಯ ಬಕಲು ಬಿಚ್ಚಿದ. ಅಲ್ಲಿಗೆ ನಿಲ್ಲಿಸಿ, ಎದ್ದು, ಜಗಲಿಯಿಳಿದು, ಅಂಗಳ ದಾಟಿ, ಗೇಟಿನಿಂದ ಹೊರಗೆ ರಸ್ತೆಗೆ ಹೋದ. ಅಲ್ಲಿ ದೊಡ್ಡಮನೆಗೆ ಬೆನ್ನು ಮಾಡಿ ನಿಂತು ಹೆಲ್ಮೆಟ್ಟು ತೆಗೆದ. ಬಿಸಿಲಿಗೆ ಅವನ ನರೆತ ತಲೆ ಒಂದು ಕ್ಷಣ ಕಾಣಿಸಿತು. ಟೋಪಿ ಹಾಕಿಕೊಂಡು, ಬುಲೆಟ್ಟಿನ ಕನ್ನಡಿಯಲ್ಲಿ ಬಗ್ಗಿ ನೋಡಿ, ಹೆಲ್ಮೆಟ್ಟನ್ನು ಹ್ಯಾಂಡಲ್ಲಿಗೆ ಸಿಗಿಸಿ, ಒಳಕ್ಕೆ ಬಂದ. ಟೋಪಿ ಹುಬ್ಬಿನ ಮೇಲೆ ಒಂದು ಬೆರಳು ಬಿಟ್ಟು ಸರಿಯಾಗಿ ಕೂತಿತ್ತು.

ಅಕ್ಕಯಮ್ಮ ಒಳಗೆ ಹೋಗಿ ಕಾಫಿ ತಂದಳು. ಅವನು ಟೋಪಿಯಲ್ಲೇ ಕೂತು ಕುಡಿದು ಮುಗಿಸಿದ.

"ಹಂಗಾದ್ರೆ ಪ್ರತಿಮೆಗೆ..." ಎಂದ ವೇಣುಗೋಪಾಲ.

"ಜಾಗ ಕೊಡ್ತೀನಿ. ಕೊಟ್ಟ ಮಾತು."

"ಟೋಪಿ ಆದ್ರೂ?"

"ಟೋಪಿ ನಮ್ದು ವೇಣಪ್ಪ. ಪೇಟ ಅರಮನೇದು. ನಿಮ್ತಾತನ್ದು ಅಂತ ಇರೋದು ತಲೆ ಒಂದೇ. ಅದನ್ನ ಮಾಡ್ಸಿ, ನಮ್ ಜಾಗದಲ್ಲಿ ನಿಲ್ಸಿ. ಬ್ಯಾಡ ಅಂದ್ರೆ ನಿಮ್ ಕಾಂಪೌಂಡೈತೆ, ನಿಮ್ ಇಷ್ಟ ಬಂದಿದ್ದು ಹಾಕ್ಕಳಿ. ನಾನು ಬಂದು ಕೇಳಲ್ಲ."

ಅವನು ಟೋಪಿಯಲ್ಲೇ ಹೊರಟ. ಹೆಲ್ಮೆಟ್ಟು ಹ್ಯಾಂಡಲ್ಲಿನಲ್ಲಿ ಅಲ್ಲಾಡುತ್ತ ಹೋಯಿತು.

ವೇಣುಗೋಪಾಲ ಬಹಳ ಹೊತ್ತು ಜಗಲಿಯ ಮೇಲೆ ಕೂತಿದ್ದ. ತಾತ ಕೂರುತ್ತಿದ್ದ ಜಾಗವೇ ಅದು. ಅಲ್ಲಿಂದ ರಸ್ತೆಯಲ್ಲಿ ಹಾಯುವ ತಲೆಗಳೆಲ್ಲ ಕಾಣುತ್ತವೆ. ಮನೋಹರನ ಫೋನು ಎರಡು ಸಲ ಬಂತು, ಎತ್ತಲಿಲ್ಲ. ಮೂರನೆಯದು ರಾಮಾಂಜಿನಪ್ಪನದು.

"ಏನ್ ಸಾರ್, ಪೇಟಾನಾ ಟೋಪಿನಾ?"

"ಎರಡೂ ಬೇಡ."

"ಬರೀ ತಲೆನಾ?" ಎಂದ ರಾಮಾಂಜಿನಪ್ಪ. "ದೊಡ್ಡ ಮನುಷ್ಯರಿಗೆ ಬರೀ ತಲೆ ಯಾರೂ ಹೇಳಲ್ಲ ಸಾರ್. ಸರಿ ಬಿಡಿ. ಅವರಿಗೆ ಕೂದಲು ಹೆಂಗಿತ್ತು? ಫೋಟೋ ಇದ್ರೆ ವಾಟ್ಸಾಪ್ ಮಾಡಿ."

ಗೋಡೆಯ ಮೇಲೆ ತಾತನ ಹದಿನೇಳು ಫೋಟೋಗಳಿದ್ದವು. ದಿವಾನರ ಜೊತೆ ಪೇಟದಲ್ಲಿ, ಮಂತ್ರಿಗಳ ಜೊತೆ ಟೋಪಿಯಲ್ಲಿ, ಕೊನೆಗೆ ಚಟ್ಟದ ಮೇಲೂ ಟೋಪಿಯಲ್ಲಿ. ಬರೀ ತಲೆಯದು ಒಂದೂ ಇರಲಿಲ್ಲ.

"ಅತ್ತೆ, ತಾತನಿಗೆ ಕೂದಲಿತ್ತಾ?"

"ನಡುನೆತ್ತಿ ಬೋಳು," ಎಂದಳು ಅಕ್ಕಯಮ್ಮ. "ಹಿಂದೆ ಒಂಚೂರು ಇತ್ತು. ಬಲಗಡೆ, ಕಿವಿ ಮ್ಯಾಲೆ, ಒಂದು ಗಾಯದ್ ಕಲೆ. ಚಿಕ್ಕೋರಾಗಿದ್ದಾಗ ಎತ್ತು ಹಾಯ್ದಿದ್ದು. ಅದನ್ನೂ ಹಾಕಕ್ಕೆ ಹೇಳ್ಲಾ."

ವೇಣುಗೋಪಾಲ ಅದನ್ನೂ ಹೇಳಿದ.

ಸಾಹೇಬರು ಉದ್ಘಾಟನೆಗೆ ಬರಲಿಲ್ಲ. ಟಿಕೆಟ್ಟು ಮನೋಹರನಿಗೆ ಆಯಿತು. ಪ್ರತಿಮೆ ಬಸ್ ಸ್ಟಾಪಿನ ಹತ್ತಿರ ಬರೀ ತಲೆಯಲ್ಲಿ ನಿಂತಿದೆ.