ಗಾಳಿ ಇಳಿಸಿದ ಜೀಪು

ಹೊರಡುವ ಮುನ್ನ ನನ್ನ ಗಂಡ ಹರಿಪ್ರಸಾದ್ ಜೀಪಿನ ನಾಲ್ಕೂ ಚಕ್ರಕ್ಕೆ ಕಲ್ಲಿನಂತೆ ಗಾಳಿ ತುಂಬಿಸಿದರು. ಸೂಲಿಬೆಲೆ ಡೇರಿಗೆ ಹಾಲಿನ ಕ್ಯಾನು ಹೊರುವ ಜೀಪು. ಲೋಡಿಗೆ ಹಾಗೆಯೇ ತುಂಬಿಸಿ ಅಭ್ಯಾಸ. ಅಂದು ಅದರಲ್ಲಿ ಇದ್ದದ್ದು ಟೆಂಟು, ಒಂದು ಪಾತ್ರೆ ಕೋಳಿ ಸಾರು, ನಾನು, ನಾದಿನಿ ಸಿಂಧು.

ಶಿವಗಂಗೆಯಾಚೆ ಎರಡು ಗುಡ್ಡಗಳ ನಡುವೆ ಒಂದು ಕಣಿವೆ. ಪ್ರತಿವರ್ಷ ಅವರು ಗೆಳೆಯ ಭೀಮರಾಜನ ಗಾಡಿಯಲ್ಲಿ ಹೋಗಿ ಅಲ್ಲಿ ಟೆಂಟು ಹಾಕುತ್ತಿದ್ದರು. ನಾನು ಅಡುಗೆ ಕಟ್ಟಿ ಕಳಿಸುತ್ತಿದ್ದೆ. ಈ ಸಲ ನಾನೂ ಅಲ್ಲಿ ಮಲಗಿ ಏಳಲೇಬೇಕು ಎಂದು ಹಟ ಹಿಡಿದಿದ್ದೆ.

ಗುಡ್ಡ ಹತ್ತುವ ಕಲ್ಲುದಾರಿಯ ಎರಡನೆಯ ತಿರುವಿನಲ್ಲಿ ಚಕ್ರಗಳು ಗಿರ್ರನೆ ತಿರುಗಿ ಜೀಪು ಹಿಂದಕ್ಕೆ ಜಾರಿತು. ಬಲಕ್ಕೆ ಕೊರಕಲು.

"ಇಳೀರಿ ಇಬ್ರೂ. ಚಕ್ರಕ್ಕೆ ಕಲ್ಲು ಕೊಡಿ."

ಕೊಟ್ಟೆವು. ಮೂರು ಸಲ ಹತ್ತಿಸಲು ನೋಡಿದರು, ಮೂರು ಸಲವೂ ಜಾರಿತು.

"ಆಗಲ್ಲ, ವಾಪಸ್ ಹೋಗೋಣ. ಹೆಂಗಸ್ರನ್ನ ಕಟ್ಕೊಂಡು ಬಂದಿದ್ದೇ ತಪ್ಪು."

"ಅಣ್ಣಾ, ನಾವಿಬ್ರೂ ಕೆಳಗಿದ್ದೀವಿ. ಜೀಪಲ್ಲಿರೋನು ನೀನೊಬ್ನೇ!" ಎಂದಳು ಸಿಂಧು.

ನನಗೆ ಎಲ್ಲದಕ್ಕೂ ಭಯ. ಅದಕ್ಕೇ ಎಲ್ಲವನ್ನೂ ನೋಡುತ್ತಿರುತ್ತೇನೆ. ಉಬ್ಬಿದ ಟೈರು ನಾಲ್ಕು ಬೆರಳಗಲ ಮಾತ್ರ ಕಲ್ಲಿಗೆ ತಾಗುತ್ತಿತ್ತು. ಕುಕ್ಕರುಗಾಲಲ್ಲಿ ಕೂತು, ಕಡ್ಡಿಯಿಂದ ವಾಲ್ವು ಒತ್ತಿದೆ. ಗಾಳಿ ಬುಸ್ಸೆಂದಿತು.

"ಏಯ್ ಅನಸೂಯಾ! ತಲೆ ಕೆಟ್ಟಿದ್ಯಾ?"

"ಗಾಳಿ ಜಾಸ್ತಿಯಾಗಿ ಹಿಡೀತಿಲ್ಲ. ಇದು ಹಾಲಿನ ಲೋಡಲ್ಲ ರೀ."

"ಹದಿನೈದು ವರ್ಷದಿಂದ ಓಡಿಸ್ತಿದೀನಿ ನಾನು."

"ನಿಮಗೆ ಜ್ವರ ಬಂದಾಗ ವಾರವೆಲ್ಲ ಓಡ್ಸಿದ್ದು ನಾನು. ಆ ಕಡೆ ಕೂತ್ಕೊಳ್ಳಿ. ನಾನಂತೂ ವಾಪಸ್ ಬರಲ್ಲ."

ನಾಲ್ಕೂ ಚಕ್ರದ ಗಾಳಿ ಅರ್ಧಕ್ಕೆ ಇಳಿಸುವವರೆಗೆ ಅವರು ಅಲ್ಲಾಡಲಿಲ್ಲ. ಆಮೇಲೆ ಸರಿದು ಕೂತರು.

ಅಂಗೈ ಬೆವರಿ ಸ್ಟಿಯರಿಂಗ್ ಜಾರುತ್ತಿತ್ತು. ಸೆರಗಿಗೆ ಒರೆಸಿಕೊಂಡೆ. ಮೊದಲ ಗೇರು, ಆಕ್ಸಿಲರೇಟರ್ ಮೇಲೆ ಬರೀ ಹೆಬ್ಬೆರಳಿನ ಭಾರ. ಮುಂದೆ ಹಿಮ್ಮುಖವಾಗಿ ನಡೆಯುತ್ತ ಸಿಂಧು, "ಎಡಕ್ಕೆ ಅತ್ತಿಗೆ, ಇನ್ನೂ ಎಡಕ್ಕೆ," ಎನ್ನುತ್ತಿದ್ದಳು. ಮೆತ್ತಗಾದ ಟೈರು ಕಲ್ಲನ್ನು ಅಪ್ಪಿತು. ಕೊರಕಲು ಹಿಂದೆ ಉಳಿಯಿತು.

ಬಿಸಿಲಿರುವಾಗಲೇ ಕಣಿವೆ ಸೇರಿದೆವು. ಗಾಳಿ ಮಾತನ್ನೇ ಹಾರಿಸಿಕೊಂಡು ಹೋಗುವಷ್ಟಿತ್ತು.

"ಇಳಿಯೋದು ಹತ್ತಿದ ಹಾಗಲ್ಲ," ಎಂದರು ಅವರು. "ನಾಳೆ ನಾನೇ ಓಡಿಸ್ತೀನಿ."

"ಬೆಳಿಗ್ಗೆ ದಾರಿ ನೋಡ್ಕೊಂಡು ಬಂದು, ಯಾರು ಅಂತ ಹೇಳ್ತೀನಿ."

ಟೆಂಟಿನ ಗೂಟವನ್ನು ಅವರ ಕೈಗೆ ಕೊಟ್ಟೆ. "ಹಿಡ್ಕೊಳ್ಳಿ," ಎಂದು ಸುತ್ತಿಗೆ ಎತ್ತಿದೆ.

ಅವರು ಬೆರಳನ್ನು ಕೆಳಕ್ಕೆ ಸರಿಸಿ ಗಟ್ಟಿಯಾಗಿ ಹಿಡಿದರು.