ಅತ್ತಿಗೆಯ ಬಲಭುಜ

ನೂಲಿನ ಗಿರಣಿಯ ಹೆಂಗಸರ ವಾಲಿಬಾಲ್ ತಂಡದಲ್ಲಿ ಅವಳನ್ನು ಎಲ್ಲರೂ ಗಿಣಿ ಎಂದೇ ಕರೆಯುತ್ತಿದ್ದರು. ಬಾಯಿ ತೆರೆದರೆ ಮುಚ್ಚುವವಳಲ್ಲ. ನೆಟ್‌ನ ಪಕ್ಕ ನಿಂತು, ಹಿಂದಿನವರು ಎತ್ತಿದ ಚೆಂಡನ್ನು ಹೊಡೆಯುವವರ ಕೈಗೆ ಹದವಾಗಿ ಏರಿಸಿ ಕೊಡುವುದು ಅವಳ ಕೆಲಸ. ಹೊಡೆಯುವವಳು ಹೆಚ್ಚಾಗಿ ಅವಳ ಅತ್ತಿಗೆ, ಸ್ವಂತ ಅಣ್ಣನ ಹೆಂಡತಿ. ಒಂದೇ ಮನೆ, ಒಂದೇ ಗಿರಣಿ, ಒಂದೇ ತಂಡ. ಗಿಣಿ ಎತ್ತಿಕೊಟ್ಟರೆ ಅತ್ತಿಗೆ ಕಣ್ಣು ಮುಚ್ಚಿಕೊಂಡು ಹೊಡೆಯುತ್ತಾಳೆ ಎಂದು ಗಿರಣಿಯಲ್ಲೆಲ್ಲ ಮಾತು.

ಅಂಥ ಗಿಣಿಯ ಜೊತೆ ಫೈನಲ್‌ನ ದಿನ ಯಾರೂ ಮಾತಾಡಲಿಲ್ಲ. ಬಟ್ಟೆ ಬದಲಿಸುವ ಕೋಣೆಗೆ ಅವಳು ಕಾಲಿಟ್ಟಾಗ ನಗು ಕತ್ತರಿಸಿದಂತೆ ನಿಂತಿತು. ಬೆಂಚಿನ ಮೇಲೆ ಚೀಲಗಳಿದ್ದವು, ಯಾರೂ ಸರಿಸಲಿಲ್ಲ. ಅವಳು ನಿಂತೇ ಶೂ ಕಟ್ಟಿಕೊಂಡಳು.

ಆದದ್ದು ಇಷ್ಟು. ಕೆಲವು ವಾರಗಳಿಂದ ಅತ್ತಿಗೆ ಒಗೆದ ಬಟ್ಟೆಯನ್ನು ತಂತಿಗೆ ಎಡಗೈಯಲ್ಲೇ ಎಸೆಯುತ್ತಿದ್ದಳು. ಕೇಳಿದರೆ, "ಉಳುಕಿದೆ ಕಣೇ, ಫೈನಲ್ ಮುಗೀಲಿ. ಬಾಯಿ ಬಿಟ್ಟೀಯ ಜೋಕೆ!" ಎಂದು ಗದರಿದ್ದಳು. ಗಿಣಿ ಬೇಡವೆಂದು ಅತ್ತಳು, ಕಾಲು ಹಿಡಿದಳು. ಅತ್ತಿಗೆ ಜಗ್ಗಲಿಲ್ಲ. ಆದರೆ ಸೆಮಿಫೈನಲ್ ಮುಗಿದ ಮೇಲೆ ನಲ್ಲಿಯ ಕಟ್ಟೆಯ ಹಿಂದೆ ಅತ್ತಿಗೆ ಟವೆಲ್ಲಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಬಲಭುಜವನ್ನು ಅದುಮಿಕೊಂಡು ಕೂತಿದ್ದನ್ನು ಗಿಣಿ ಕಂಡಳು. ನೋವಿನ ಸದ್ದು ಹೊರಗೆ ಬರದಿರಲೆಂದು ಬಟ್ಟೆ ಕಚ್ಚಿದ್ದಳು. ಗಿಣಿ ಸೀದಾ ಕೋಚ್ ಸರ್ ಹತ್ತಿರ ಹೋಗಿ ಹೇಳಿಬಿಟ್ಟಳು.

ಕೋಚ್ ಅತ್ತಿಗೆಯನ್ನು ಆಡುವ ಆರು ಜನರಿಂದ ಕೈಬಿಟ್ಟರು. ಸಂಜೆಯ ಹೊತ್ತಿಗೆ ಗಿಣಿಗೆ ಚಾಡಿಕೋರಿ ಎಂಬ ಬಿರುದು ಬಂದಿತ್ತು. "ಸಣ್ಣ ಉಳುಕಿಗೆ ಸ್ವಂತ ಅತ್ತಿಗೆಯ ಅನ್ನಕ್ಕೇ ಮಣ್ಣು ಹಾಕಿದ್ಲು. ಹೊಟ್ಟೆಕಿಚ್ಚು," ಎಂದಳು ಕ್ಯಾಪ್ಟನ್ ದೊಡ್ಡಕ್ಕ, ಎಲ್ಲರಿಗೂ ಕೇಳುವಂತೆ. ಮನೆಯಲ್ಲೂ ಅತ್ತಿಗೆಯ ಮುಖ ಸೊಟ್ಟ. "ಉಪ್ಪು ಬೇಕಾ ಅಂತ ನಿಮ್ಮ ತಂಗೀನ ಕೇಳಿ," ಎಂದು ಗಂಡನ ಮೂಲಕ ಕೇಳಿಸುವಳು. ಅಣ್ಣ ಪಾಪ, ಅತ್ತ ದರಿ ಇತ್ತ ಪುಲಿ ಎಂಬಂತೆ ತಟ್ಟೆಯಲ್ಲಿ ತಲೆ ಹುದುಗಿಸಿ ಉಣ್ಣುವನು.

ಫೈನಲ್ ಶುರುವಾಯಿತು. ಎದುರಿಗೆ ಬಂದರಿನ ತಂಡ. ಮೊದಲ ಸೆಟ್‌ನಲ್ಲೇ ಗಿಣಿಗೆ ತಿಳಿದುಹೋಯಿತು, ಚೆಂಡು ಅವಳ ಕಡೆಗೆ ಬರುತ್ತಿರಲಿಲ್ಲ. ದೊಡ್ಡಕ್ಕ ಹಿಂದಿನಿಂದ ಎತ್ತಿದ ಚೆಂಡು ಬೇಕೆಂತಲೇ ಅವಳ ತಲೆಯ ಮೇಲೆ ಹಾರಿ, ತಂಡದವರು ಏಣಿ ಎಂದು ಕರೆಯುವ ಉದ್ದದ ಹುಡುಗಿಗೆ ಹೋಗುತ್ತಿತ್ತು. "ನಂಗೆ, ನಂಗೆ!" ಎಂದು ಗಿಣಿ ಕೂಗಿದಳು. ಗೋಡೆಗೆ ಹೇಳಿದಂತಾಯಿತು. ಸೆಟ್ ಹೋಯಿತು.

ಕೋಚ್ ಎಲ್ಲರನ್ನೂ ಹತ್ತಿರ ಕರೆದರು. ಅವರ ಕತ್ತಿನ ನರ ಉಬ್ಬಿತ್ತು.

"ನಾನೇನು ಕುರುಡನಾ? ಇವಳ ಮೇಲೆ ಸಿಟ್ಟಿದ್ರೆ ಆಟ ಮುಗಿದ್ಮೇಲೆ ತೀರಿಸ್ಕೊಳ್ಳಿ. ಈಗ ಚೆಂಡು ಕೊಡಿ. ಇಲ್ದಿದ್ರೆ ಬಟ್ಟೆ ಬದಲಾಯಿಸ್ಕೊಂಡು ಮನೆಗೆ ನಡೀರಿ."

ಎರಡನೇ ಸೆಟ್‌ನಲ್ಲಿ ಚೆಂಡು ಬಂತು. ಪ್ರೀತಿಯಿಂದೇನೂ ಅಲ್ಲ, ಸಾಲ ಕೊಟ್ಟವನ ಮುಖಕ್ಕೆ ದುಡ್ಡು ಎಸೆದಂತೆ ಬಂತು. ಗಿಣಿ ಓಡಿದಳು, ಬಿದ್ದಳು, ಮೊಣಕಾಲು ತರಚಿಕೊಂಡಳು, ಕೆಟ್ಟ ಚೆಂಡನ್ನೂ ಒಳ್ಳೆಯದು ಮಾಡಿ ಕೊಟ್ಟಳು. ಏಣಿ ಹೊಡೆದಳು. ಸೆಟ್ ಗೆದ್ದರು. ಆದರೂ ಅವಳ ಬೆನ್ನು ತಟ್ಟಲು ಒಂದು ಕೈಯೂ ಬರಲಿಲ್ಲ.

ಕೊನೆಯ ಸೆಟ್ ಸಮಸಮನಾಗಿ ಸಾಗಿ ಅಂಚಿಗೆ ಬಂದು ನಿಂತಾಗ ದೊಡ್ಡಕ್ಕ ಕೋಚ್‌ರತ್ತ ತಿರುಗಿ, "ಸರ್, ಗಿಣಿಯ ಅತ್ತಿಗೇನ ಒಳಗೆ ಬಿಡಿ. ಒಂದೆರಡು ಪಾಯಿಂಟಿಗೆ!" ಎಂದಳು. ಬೆಂಚಿನಲ್ಲಿದ್ದ ಅತ್ತಿಗೆ ಆಗಲೇ ಎದ್ದು ನಿಂತಿದ್ದಳು. ಗ್ಯಾಲರಿಯೂ ಅವಳಿಗಾಗಿ ಕೂಗುತ್ತಿತ್ತು. ಕೋಚ್ ಹಣೆ ಒರೆಸಿಕೊಂಡರು.

"ಹೋಗು. ಸುಮ್ನೆ ಹೊಡೆಯೋ ಹಾಗೆ ಹಾರು, ಅವರು ಹೆದರ್ಲಿ. ಹೊಡೆದೀಯ, ನೋಡು ಮತ್ತೆ!"

ಅತ್ತಿಗೆ ಒಳಗೆ ಬಂದದ್ದೇ ತಡ, ಬಂದರಿನವರ ಮುಖ ಬಿಳುಚಿತು. ಅವಳು ಹಾರಿದಾಗ ಇಬ್ಬರು ಅವಳೆದುರಿಗೇ ಹಾರಿದರು. ಗಿಣಿ ಚೆಂಡನ್ನು ತನ್ನ ಬೆನ್ನ ಹಿಂದಿದ್ದ ಏಣಿಯತ್ತ ತಳ್ಳಿದಳು. ಏಣಿ ಖಾಲಿ ಜಾಗಕ್ಕೆ ಇಳಿಸಿದಳು. ಮತ್ತೊಮ್ಮೆಯೂ ಹಾಗೇ. ಆದರೆ ಬಂದರಿನವರೇನೂ ದಡ್ಡರಲ್ಲ. ಈಕೆ ಹೊಡೆಯುವವಳಲ್ಲ ಎಂದು ಬೇಗ ಹಿಡಿದರು, ಏಣಿಯತ್ತ ಸರಿದರು, ಪಾಯಿಂಟುಗಳನ್ನು ವಾಪಸು ಕಿತ್ತುಕೊಂಡರು. ಈಗ ಇನ್ನೊಂದು ಹೋದರೆ ಆಟವೇ ಮುಗಿದಂತೆ.

ಸರ್ವ್ ಬಂತು. ದೊಡ್ಡಕ್ಕ ಎತ್ತಿದ ಚೆಂಡು ಗಿಣಿಯ ಬೆರಳುಗಳ ಮೇಲಕ್ಕೆ ಹೂವಿನಂತೆ ಇಳಿಯತೊಡಗಿತು. ಅತ್ತಿಗೆಯೆದುರು ನೆಟ್ ಪೂರ್ತಿ ಬಯಲು.

"ಗಿಣೀ, ನಂಗೇ!" ಅತ್ತಿಗೆಯ ದನಿ. ಸೆಮಿಫೈನಲ್ ಆದಮೇಲೆ ಅವಳು ಗಿಣಿಯ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಅವಳಿಗೆ ಕೊಡೇ!" ಎಂದು ದೊಡ್ಡಕ್ಕ ಹಿಂದಿನಿಂದ ಚೀರಿದಳು.

ಕೊಟ್ಟರೆ ಎಲ್ಲ ಸರಿಹೋಗುತ್ತಿತ್ತು. ಬೆಂಚು, ನಗು, ಊಟದ ಮನೆಯ ಮಾತು, ಎಲ್ಲ. ಗಿಣಿಯ ಕಣ್ಣೆದುರು ಟವೆಲ್ ಕಚ್ಚಿದ ಬಾಯಿ ಬಂತು. ಬೆನ್ನು ಬಿಲ್ಲಿನಂತೆ ಬಾಗಿಸಿ ಅವಳು ಚೆಂಡನ್ನು ಹಿಂದಕ್ಕೆ, ಏಣಿಗೆ ಕೊಟ್ಟಳು. ಏಣಿ ಹೊಡೆದಳು. ಎದುರಿನ ನಾಲ್ಕು ಕೈಗಳು ಅದನ್ನು ಅವಳ ಕಾಲಬುಡಕ್ಕೇ ಕುಕ್ಕಿದವು. ಬಂದರಿನವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು.

ಕೋಣೆಯಲ್ಲಿ ದೊಡ್ಡಕ್ಕ ಬಾಟಲಿಯನ್ನು ಗೋಡೆಗೆ ಎಸೆದಳು. "ಕೈಗೆ ಬಂದ ತುತ್ತು! ಬಾಯಿಗೆ ಬರದ ಹಾಗೆ ಮಾಡಿದ್ಯಲ್ಲೇ, ಪುಣ್ಯಾತಗಿತ್ತಿ!"

ಅಷ್ಟರಲ್ಲಿ ಮೂಲೆಯಿಂದ ಮುಲುಗು ಕೇಳಿತು. ಅತ್ತಿಗೆ ಜೆರ್ಸಿ ಬಿಚ್ಚಲು ಹೋಗಿ, ಅದು ಕತ್ತಿಗೆ ಸಿಕ್ಕಿಕೊಂಡು, ನಡುವೆಯೇ ನಿಂತಿದ್ದಳು. ಬಲಗೈ ಪಕ್ಕದಲ್ಲಿ ಜೋತುಬಿದ್ದಿತ್ತು. ಕೊನೆಯ ಚೆಂಡಿಗೆಂದು ಹಾರಿ ಬರಿಗಾಳಿಗೆ ಕೈ ಬೀಸಿದ್ದಳು. ಅಷ್ಟಕ್ಕೇ ಅದು ಹೋಗಿತ್ತು. ಭುಜ ಕುಂಬಳಕಾಯಿಯಂತೆ ಊದಿತ್ತು.

"ಇಷ್ಟಾಗಿತ್ತೇನೇ?" ಎಂದಳು ದೊಡ್ಡಕ್ಕ, ದನಿ ಇಳಿದಿತ್ತು.

"ಮುಂಚಿನಿಂದ. ಇವಳು ಬೇಡ ಅಂತ ಕಾಲು ಹಿಡಿದ್ಲು. ನಾನೇ ಬಾಯಿ ಮುಚ್ಚಿಸ್ದೆ."

ದೊಡ್ಡಕ್ಕ ಗಿಣಿಯತ್ತ ತಿರುಗಿದಳು. "ಸರ್‌ಗೆ ಹೇಳೋ ಮುಂಚೆ ನಮಗೆ ಹೇಳ್ಬಹುದಿತ್ತಲ್ಲೇ?"

"ಹೇಳಿದ್ರೆ ನೀವೂ ಬಾಯಿ ಮುಚ್ಚಿಸ್ತಿದ್ರಿ, ಅಕ್ಕ."

ದೊಡ್ಡಕ್ಕ ಬ್ಯಾಂಡೇಜ್ ಕತ್ತರಿ ಹುಡುಕಿ ತಂದಳು. ಗಿಣಿ ಅತ್ತಿಗೆಯ ಕೈಯನ್ನು ಮಗುವಿನ ತಲೆ ಹಿಡಿದಂತೆ ಹಿಡಿದಳು. ಇಬ್ಬರೂ ಸೇರಿ ಜೆರ್ಸಿಯನ್ನು ಬೆನ್ನಿನುದ್ದಕ್ಕೂ ಕತ್ತರಿಸಿದರು. ಅತ್ತಿಗೆ ಹಣೆಯನ್ನು ನಾದಿನಿಯ ಹೆಗಲಿಗೆ ಆನಿಸಿ, "ಮೆತ್ತಗೆ ಕಣೇ," ಎಂದಳು. ಗಿಣಿಯ ಕಣ್ಣು ತುಂಬಿ ಬಂತು. ಏಣಿ ಮಾತ್ರ ಬಾಗಿಲ ಬಳಿ ಮುಖ ಮುಚ್ಚಿಕೊಂಡು ಕೂತಿದ್ದಳು. "ಕೊನೇದು ನಂಗ್ಯಾಕೆ ಕೊಟ್ಟೆ?" ಎಂದು ಬಿಕ್ಕಿದಳು. "ನೀನು ಹೊಡೀತೀಯ ಅಂತ," ಎಂದಳು ಗಿಣಿ. ಏಣಿಗೆ ಅದು ಸಮಾಧಾನವೆನಿಸಲಿಲ್ಲ.

ಭುಜದ ಒಳಗೆ ನಾರು ಹರಿದಿದೆ, ಚೆಂಡಿಗೆ ಹೊಡೆದಿದ್ದರೆ ಆಪರೇಷನ್ನೇ ಆಗಬೇಕಿತ್ತು ಎಂದರು ಡಾಕ್ಟರು. ಆ ವರ್ಷ ಅತ್ತಿಗೆ ಮತ್ತೆ ಅಂಕಣಕ್ಕೆ ಇಳಿಯಲಿಲ್ಲ. ಏಣಿ ಎಷ್ಟೋ ದಿನ ಗಿಣಿಯ ಜೊತೆ ಬಿಗುವಾಗೇ ಇದ್ದಳು.

ಮುಂದಿನ ವಾರ ಅಭ್ಯಾಸದಲ್ಲಿ ಗಿಣಿ ಒಂದು ಚೆಂಡು ತಪ್ಪಿಸಿದಳು. "ಏನೇ ಕತ್ತೆ, ನಿದ್ದೆ ಮಾಡ್ತಿದೀಯಾ? ಬಾಯಿ ಬಿಟ್ಟು ಕೂಗೋಕೇನು ಧಾಡಿ?" ಎಂದು ದೊಡ್ಡಕ್ಕ ಮೈದಾನ ಅದುರುವಂತೆ ಬೈದಳು. ಆ ಬೈಗುಳ ಕಿವಿಗೆ ಬಿದ್ದಾಗ ಗಿಣಿಗೆ ಎದೆಯ ಕಲ್ಲು ಸರಿದಂತಾಯಿತು. ಚೆಂಡು ಎತ್ತಿಕೊಳ್ಳಲು ಓಡಿದಳು.